ಕಾಶಿಯಲ್ಲಿ ಬಿಟ್ಟು ಬಂದ ಗುಡ್ಡ

ನಮ್ಮ ಮಾವನವರ ಹೊಟ್ಟೆ ರೈಸ್ ಮಿಲ್ಲಿನ ಸಾಹುಕಾರರದು, ಮೀನಖಂಡ ಮಾತ್ರ ಬೇರೆ ಯಾರದೋ. ಧೋತರ ಮೇಲೆತ್ತಿ ಕಟ್ಟಿ ಕೂತರೆ ಮೊಣಕಾಲಿನ ಕೆಳಗೆ ಎರಡು ಗಟ್ಟಿ ಗೆಣಸು ಇಟ್ಟ ಹಾಗೆ ಕಾಣುತ್ತಿತ್ತು. ಮದುವೆಯಾಗಿ ಕಂಪ್ಲಿಗೆ ಬಂದ ಹೊಸದರಲ್ಲಿ ನಾನು ಮೊದಲು ಗಮನಿಸಿದ್ದೇ ಅದನ್ನು. ಸೊಸೆಯಾದವಳು ತಲೆ ತಗ್ಗಿಸಿ ನಡೆಯಬೇಕು ಎಂದು ನನ್ನ ತಾಯಿ ಹೇಳಿ ಕಳಿಸಿದ್ದಳು. ತಲೆ ತಗ್ಗಿಸಿದರೆ ಕಾಣುವುದು ಕಾಲೇ ತಾನೆ? ದಿನವಿಡೀ ಗಲ್ಲಾದ ಮುಂದೆ ಕೂತು ಭತ್ತದ ವ್ಯಾಪಾರ ಮಾಡುವ ಮನುಷ್ಯನಿಗೆ ಇಂಥ ಕಾಲು ಎಲ್ಲಿಂದ ಬಂತು ಎಂದು ನನಗೆ ಆಶ್ಚರ್ಯ. ಕೇಳುವ ಧೈರ್ಯ ಆಗ ಇನ್ನೂ ಬಂದಿರಲಿಲ್ಲ. ಬರಲು ಹೆಚ್ಚು ದಿನವೂ ಬೇಕಾಗಲಿಲ್ಲ.

ಮನೆಗೆ ಬಂದ ನೆಂಟರನ್ನು ಮಾವನವರು ಸುಮ್ಮನೆ ಊಟ ಹಾಕಿ ಕಳಿಸಿದವರಲ್ಲ. ರಾಯಚೂರಿನವರಿರಲಿ, ಹುಬ್ಬಳ್ಳಿಯವರಿರಲಿ, ಭತ್ತ ಮಾರಲು ಬಂದ ಆಂಧ್ರದ ರೈತನಿರಲಿ, ಯಾವುದಾದರೂ ಒಂದು ಗುಡ್ಡ ತೋರಿಸದೆ ಬಿಡುತ್ತಿರಲಿಲ್ಲ. ಒಂದೇ ದಿನ ಇರುವವರಾದರೆ ಹಂಪಿಯ ಹೇಮಕೂಟ. ಎರಡು ದಿನವಾದರೆ ಮಾತಂಗ ಪರ್ವತ, ಮಾಲ್ಯವಂತ. ಕಾಲು ಗಟ್ಟಿ ಇದ್ದವರಿಗೆ ಹೊಳೆಯಾಚೆಯ ಅಂಜನಾದ್ರಿ. ಮಳೆಗಾಲ ಮುಗಿಯುವ ಹೊತ್ತಿಗೆ ಬಂದವರ ಅದೃಷ್ಟವೇ ಅದೃಷ್ಟ, ಅವರಿಗೆ ಸಂಡೂರು. ಅಕ್ಕಿ ಚೀಲ ಸಾಗಿಸುವ ಟೆಂಪೊದಲ್ಲಿ ಹುಲ್ಲು ಹಾಸಿ, ಮೇಲೆ ಜಮಖಾನ ಹಾಸಿ, ಎಲ್ಲರನ್ನೂ ಹತ್ತಿಸುತ್ತಿದ್ದರು. ಜೊತೆಗೆ ಬುತ್ತಿ: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನ. ನಸುಕಿನಲ್ಲೆದ್ದು ರೊಟ್ಟಿ ಬಡಿಯುವವಳು ನಾನಾದ್ದರಿಂದ ಈ ಅತಿಥಿಸತ್ಕಾರದ ಬಗ್ಗೆ ನನಗೆ ಮೊದಮೊದಲು ಅಂಥ ಪ್ರೀತಿಯೇನೂ ಇರಲಿಲ್ಲ.

ವಿಚಿತ್ರವೆಂದರೆ ಅಷ್ಟೆಲ್ಲ ಹುರುಪಿನಿಂದ ಕರೆದುಕೊಂಡು ಹೋದವರು ಗುಡ್ಡದ ಬುಡಕ್ಕೆ ಬಂದೊಡನೆ ಒಂದು ನೆರಳು ನೋಡಿ ಕೂತುಬಿಡುತ್ತಿದ್ದರು. ‘ನೀವು ಹೋಗಿ ಬರ್ರಿ, ನಾ ಚಪ್ಪಲಿ ಕಾಯ್ತೀನಿ’ ಎನ್ನುವರು. ಮೇಲೆ ಗುಡಿಯಿರುವ ಗುಡ್ಡಗಳೇ ಹೆಚ್ಚಾದ್ದರಿಂದ ಎಲ್ಲರೂ ಚಪ್ಪಲಿ ಬಿಟ್ಟು ಹತ್ತುವರು. ಮಾವನವರು ಅವನ್ನೆಲ್ಲ ಜೋಡಿ ಜೋಡಿಯಾಗಿ ಹೊಂದಿಸಿ ನಡುವೆ ತಾವು ಕೂರುವರು. ಸಾಹುಕಾರರು ಸ್ವಂತ ಮಿಲ್ಲಿನ ಅಕ್ಕಿ ಉಂಡು ಭಾರವಾಗಿದ್ದಾರೆ, ಗುಡ್ಡ ಹೊರುವುದಿಲ್ಲ ಎಂದು ನೆಂಟರು ಚೇಷ್ಟೆ ಮಾಡಿದರೆ ತಾವೂ ನಗುವರು.

ಆದರೆ ಇಳಿದು ಬಂದವರಿಗೆ ಚಪ್ಪಲಿ ಸುಲಭವಾಗಿ ಸಿಗುತ್ತಿರಲಿಲ್ಲ. ‘ಏನ್ ಕಂಡ್ರಿ, ಹೇಳ್ರಿ’ ಎಂದು ಒಬ್ಬೊಬ್ಬರನ್ನೂ ಹಿಡಿದು ಕೂರಿಸುವರು. ಹೊಳೆ ಯಾವ ಕಡೆ ತುಂಬಿತ್ತು, ಬಾಳೆ ತೋಟ ಎಲ್ಲಿಯವರೆಗೆ ಕಂಡಿತು, ಗಾಳಿ ಎತ್ತಲಿಂದ ಬೀಸುತ್ತಿತ್ತು, ಎಲ್ಲ ಬೇಕು. ಕಣ್ಣು ಮುಚ್ಚಿಕೊಂಡು ಕೇಳುವರು. ‘ಹೂಂ, ಮುಂದ?’ ಎನ್ನುವರು. ಫೋಟೊ ತೆಗೆಸಿಕೊಂಡಿದ್ದು ಬಿಟ್ಟು ಬೇರೇನೂ ನೆನಪಿಲ್ಲದವರ ಮೇಲೆ ಅವರಿಗೆ ನಿಜವಾಗಿ ಸಿಟ್ಟು ಬರುತ್ತಿತ್ತು. ‘ಕಣ್ಣು ಮನ್ಯಾಗ ಇಟ್ಟು ಬಂದೀರೇನು?’ ಎಂದು ಬೀಗರನ್ನೂ ಗದರಿದ್ದು ಉಂಟು.

ನಾನು ಹೊಸಪೇಟೆಯವಳು. ಹಂಪಿ ಮಗ್ಗುಲಲ್ಲೇ ಇದ್ದರೂ ಮಾತಂಗ ಹತ್ತಿದ್ದು ಮದುವೆಯಾದ ಮೇಲೆಯೇ. ಹತ್ತುವುದೇನೋ ಹತ್ತಿದೆ. ಇಳಿಯುವಾಗ ಕಾಲು ನಡುಗಿ, ಹೊಸ ಸೀರೆಯ ಗೊಡವೆ ಬಿಟ್ಟು, ಕೂತು ಜಾರಿಕೊಂಡು ಬಂದೆ. ಕೆಳಗೆ ಎಲ್ಲರದೂ ವರದಿ ಆಯಿತು. ನಾದಿನಿ ‘ಮಸ್ತ್ ಇತ್ತು’ ಎಂದಳು, ನಮ್ಮವರು ಸೂರ್ಯ ಹುಟ್ಟಿದ್ದನ್ನು ವರ್ಣಿಸಿದರು. ನನ್ನ ಸರದಿ ಬಂತು.

‘ನನಗೇನೂ ಕಾಣ್ಲಿಲ್ರಿ ಮಾವಾರ. ಭಾಳ ಹೆದರಿಕಿ ಆತು. ಮುಂದ ಹೋಗೋರ ಬೆನ್ನು ಬಿಟ್ಟು ಬ್ಯಾರೆ ಏನೂ ನೋಡಿಲ್ಲ’ ಎಂದೆ.

ಅತ್ತೆ ಕಣ್ಣು ಬಿಟ್ಟರು. ಮಾವನವರು ಮಾತ್ರ ಹೊಟ್ಟೆ ಕುಣಿಯುವಂತೆ ನಕ್ಕರು. ‘ಹಿಂಗ ಹೇಳವ್ವ. ಇಷ್ಟು ವರ್ಷದಾಗ ಇದ್ದದ್ದು ಇದ್ದಂಗ ಹೇಳಿದಾಕಿ ನೀ ಒಬ್ಬಾಕಿನ’ ಎಂದರು. ಆಮೇಲೆ ಗುಟ್ಟು ಹೇಳುವವರ ಹಾಗೆ, ‘ಏರೋದು ಎಲ್ಲಾರೂ ಏರ್ತಾರ. ಇಳಿಯುವಾಗ ಮಾನ ಮರ್ಯಾದಿ ನೋಡಬ್ಯಾಡ, ಕಾಲು ನೋಡ್ಕೊ. ನೀ ಕುಂತು ಇಳಿದದ್ದು ಬರೋಬರಿ ಐತಿ’ ಎಂದರು. ಗುಡ್ಡ ಏರದ ಮನುಷ್ಯನಿಗೆ ಇಳಿಯುವುದು ಹೇಗೆ ಗೊತ್ತು ಎಂದು ಅವತ್ತೇ ಕೇಳಬೇಕಿತ್ತು.

ನನ್ನ ನಾಲಿಗೆಯ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ಸಾರಿಗೆ ಉಪ್ಪು ಹೆಚ್ಚಾದರೆ ಹೆಚ್ಚಾಗಿದೆ ಎನ್ನುವವಳು, ಕೂಸು ಕಪ್ಪಗಿದ್ದರೆ ಕಪ್ಪಗಿದೆ ಎನ್ನುವವಳು ನಾನು. ತವರಿನಲ್ಲಿ ಇದಕ್ಕಾಗಿ ಬೈಸಿಕೊಂಡೆ. ಕೊಟ್ಟ ಮನೆಯಲ್ಲೂ ಅತ್ತೆಗೆ ನನ್ನನ್ನು ನಾಲ್ಕು ಜನರ ನಡುವೆ ಕೂರಿಸುವುದೆಂದರೆ ಭಯ. ನನ್ನ ಪರವಾಗಿ ಇದ್ದವರು ಇಬ್ಬರೇ, ಮಾವನವರು ಮತ್ತು ಅವರ ತಾಯಿ. ನಾವೆಲ್ಲ ಅಜ್ಜಿ ಎನ್ನುತ್ತಿದ್ದ ಆಕೆಗೆ ತೊಂಬತ್ತರ ಹತ್ತಿರ. ಹಲ್ಲಿಲ್ಲ, ಕಿವಿ ಮಾತ್ರ ಬಲು ಚುರುಕು. ‘ಈಕಿ ನನ್ನಂಗ ಅದಾಳ, ಬಿಡ್ರಿ’ ಎಂದು ಅಜ್ಜಿ ಒಮ್ಮೆ ತೀರ್ಪು ಕೊಟ್ಟ ಮೇಲೆ ಅತ್ತೆ ಸುಮ್ಮನಾದರು.

ಆಗ ಕಬ್ಬಿಣದ ಅದಿರಿನ ಗಣಿಗಳ ಕಾಲ. ಸಂಡೂರಿನಿಂದ ಹೊಸಪೇಟೆಯ ತನಕ ಲಾರಿಯ ಹಿಂದೆ ಲಾರಿ. ದಾರಿಬದಿಯ ಹುಣಿಸೆ ಮರಗಳು ಕೆಂಪು ಧೂಳಿನಲ್ಲಿ ಎಲೆಯ ಬಣ್ಣವನ್ನೇ ಮರೆತಿದ್ದವು. ಬಿಳಿ ಧೋತರ ಉಟ್ಟು ಹೋದ ಮಾವನವರು ಕಾವಿ ಉಟ್ಟು ತಿರುಗಿ ಬರುತ್ತಿದ್ದರು. ‘ಸನ್ಯಾಸ ತಗೊಂಡಿ ಏನೋ?’ ಎಂದು ಅಜ್ಜಿ ಕೇಳುವಳು. ನೆಂಟರೂ ಬದಲಾದರು. ‘ಇದು ಯಾವ ಗುಡ್ಡ’ ಎಂದು ಕೇಳುತ್ತಿದ್ದವರು ‘ಇದು ಯಾರ ಗುಡ್ಡ’ ಎಂದು ಕೇಳತೊಡಗಿದರು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ನಮ್ಮ ಕಡೆ ಸುಳ್ಳಾಗಿ ಹೋಗಿತ್ತು. ಎಷ್ಟು ದೂರದಿಂದ ನೋಡಿದರೂ ಕಡಿದ ಜಾಗ ಕೆಂಪಗೆ ಕಾಣುತ್ತಿತ್ತು.

ಆ ವರ್ಷಗಳಲ್ಲಿ ಮಾವನವರ ಪ್ರಶ್ನೆಗಳೂ ಬದಲಾದವು. ಬಾಳೆ ತೋಟ, ಹೊಳೆ ಎಲ್ಲ ಬಿಟ್ಟು ಒಂದೇ ಮಾತು ಕೇಳುತ್ತಿದ್ದರು. ಸಂಡೂರಿನಿಂದ ಬಂಡ್ರಿ ಕಡೆ ಹೋಗುವಾಗ ಒಂದು ಗುಡ್ಡ ಸಿಗುತ್ತಿತ್ತು. ಅದರ ಮೇಲೊಂದು ದೊಣೆ, ಬಂಡೆಯ ನಡುವೆ ತಾನಾಗಿಯೇ ಆದ ನೀರಿನ ಹೊಂಡ. ಮಗ್ಗುಲಲ್ಲಿ ಒಂದು ಕಾರೆ ಗಿಡ. ‘ಆ ದೊಣಿ ಐತೇನ್ರಿ ಇನ್ನಾ?’ ಎಂದು ಹತ್ತಿ ಬಂದವರನ್ನೆಲ್ಲ ಕೇಳುವರು. ಒಬ್ಬರು ಇದೆ ಎನ್ನುವರು, ಇನ್ನೊಬ್ಬರು ಅಂಥದ್ದೇನೂ ಇಲ್ಲ ಎನ್ನುವರು. ಗುಡ್ಡದ ಮೇಲಿನ ಹೊಂಡವನ್ನು ನೆನಪಿಟ್ಟುಕೊಂಡು ನೋಡಿ ಬರಲು ಯಾರಿಗೆ ವ್ಯವಧಾನ? ಮಾವನವರು ಒಮ್ಮೆ ಅವರ ಮುಖ, ಒಮ್ಮೆ ಇವರ ಮುಖ ನೋಡಿ ಒದ್ದಾಡುವರು.

ಒಂದು ಮಳೆಗಾಲದ ಕೊನೆಗೆ ನನ್ನನ್ನು ಕರೆದರು. ‘ಅವ್ವ, ಈ ಸಲ ನೀ ಹೋಗಿ ನೋಡಿ ಬಾ. ನೀ ಹೇಳಿದ್ರ ನಾ ನಂಬ್ತೀನಿ’ ಎಂದರು.

ನಮ್ಮವರ ಜೊತೆ ಹೋದೆ. ಮಾವನವರು ಎಂದಿನಂತೆ ಬುಡದಲ್ಲಿ ಕೂತರು. ಗುಡ್ಡ ಮೈತುಂಬ ಹಸಿರು ಹೊದ್ದು ನಿಂತಿತ್ತು, ಬಿಳಿ ಹಳದಿ ಹೂವು ಕಾಲಿಗೆ ತೊಡರುತ್ತಿತ್ತು. ಇಳಿಯುವ ಹೆದರಿಕೆಯನ್ನು ಇಳಿಯುವಾಗ ನೋಡಿಕೊಳ್ಳೋಣ ಎಂದು ಹತ್ತಿದೆ. ದೊಣೆ ಇತ್ತು. ನೀರು ತಿಳಿಯಾಗಿತ್ತು, ಕಾರೆ ಗಿಡವೂ ಇತ್ತು. ನೋಡಿ ಎಷ್ಟು ಖುಷಿಯಾಯಿತೆಂದರೆ ನನ್ನದೇ ಏನೋ ಸಿಕ್ಕಂತೆ ಆಯಿತು. ಇನ್ನೂ ಸ್ವಲ್ಪ ಮುಂದೆ ಹೋದೆ. ಅಲ್ಲಿ ಗುಡ್ಡವೇ ಇರಲಿಲ್ಲ. ಆಚೆಯ ಮಗ್ಗುಲನ್ನು ನೆಟ್ಟಗೆ ಕಡಿದಿದ್ದರು. ಕೆಳಗೆ ಕೆಂಪು ಮಣ್ಣಿನಲ್ಲಿ ಯಂತ್ರಗಳು ಇರುವೆಗಳಂತೆ ಓಡಾಡುತ್ತಿದ್ದವು. ನಮ್ಮವರು ನನ್ನ ಸೆರಗು ಹಿಡಿದು ಹಿಂದಕ್ಕೆಳೆದರು.

ಕೆಳಗೆ ಬಂದು ಹೇಳಿದೆ. ‘ಐತ್ರಿ ಮಾವಾರ. ನೀರೂ ಐತಿ, ಕಾರೀಗಿಡಾನೂ ಐತಿ.’

ಅವರ ಮುಖ ಅರಳಿದ್ದನ್ನು ನೋಡಿ ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ನಾನು ನಾನಲ್ಲ. ‘ಆದ್ರ ಆಚಿಕಡಿ ಗುಡ್ಡ ಇಲ್ರಿ, ಕಡದಾರ. ದೊಣಿ ಸನಿಯಾಕ್ಕ ಬಂದಾರ. ಮುಂದಿನ ಮಳಿಗಾಲಕ್ಕ ಇದು ಉಳಿಯಂಗಿಲ್ಲ ಅನಸ್ತೈತಿ. ನೀವ ಒಮ್ಮಿ ಹೋಗಿ ನೋಡಿ ಬಂದುಬಿಡ್ರಿ.’

ಮಾವನವರು ಗುಡ್ಡದ ತುದಿಯನ್ನು ನೋಡಿದರು. ಚಪ್ಪಲಿ ಮೆಟ್ಟಿಕೊಂಡು ಎದ್ದು ಮಿಲ್ಲಿನ ಜೀಪಿನ ಕಡೆ ನಡೆದರು. ಮರಳುವ ದಾರಿಯಲ್ಲಿ ಕಡ್ಡಿರಾಂಪುರದ ಹೋಟೆಲಿನಲ್ಲಿ ಚಹಾ ಕುಡಿಯುವುದು ಅವರ ರೂಢಿ. ಅವತ್ತು ಚಹಾ ತರಿಸಿದರು, ಕುಡಿಯಲಿಲ್ಲ. ಮೇಲೆ ಕೆನೆ ಕಟ್ಟುವವರೆಗೂ ಅದನ್ನೇ ನೋಡುತ್ತ ಕೂತಿದ್ದರು.

ಮರುದಿನ ಅತ್ತೆಯನ್ನು ಹಿಡಿದೆ. ಅಕ್ಕಿ ಆರಿಸುತ್ತಿದ್ದರು. ಮಾವನವರಿಗೆ ಎದೆನೋವು ಗಿದೆನೋವು ಇದೆಯೇ, ಯಾಕೆ ಗುಡ್ಡ ಏರುವುದಿಲ್ಲ ಎಂದು ಕೇಳಿದೆ. ಅತ್ತೆ ಅತ್ತ ಇತ್ತ ನೋಡಿ, ‘ಕಾಶ್ಯಾಗ ಬಿಟ್ಟಾರವ್ವ’ ಎಂದರು.

ಕಾಶಿಗೆ ಹೋದವರು ತಮಗೆ ಪ್ರಿಯವಾದದ್ದು ಏನನ್ನಾದರೂ ಬಿಟ್ಟು ಬರಬೇಕು ಎನ್ನುವುದು ರೂಢಿ. ಗಂಗೆಯಲ್ಲಿ ನಿಂತು ಇನ್ನು ಮುಂದೆ ಇದು ನನಗೆ ಬೇಡ ಎಂದು ಹೇಳಿ ಮುಳುಗಬೇಕು. ಜನ ಜಾಣರು. ಹೇಗೂ ತಿನ್ನದ ಕಾಯಿಯನ್ನು ಬಿಟ್ಟು ಪುಣ್ಯ ಕಟ್ಟಿಕೊಂಡು ಬರುತ್ತಾರೆ. ನಮ್ಮ ಕಂಪ್ಲಿಯಿಂದ ಹೋದವರಲ್ಲಿ ಹಾಗಲಕಾಯಿ ಬಿಡದವರು ಸಿಕ್ಕುವುದು ಕಷ್ಟ. ಅತ್ತೆಯೂ ಅದನ್ನೇ ಬಿಟ್ಟವರು. ಬಹಳ ವರ್ಷಗಳ ಹಿಂದೆ ಊರಿನವರ ಜೊತೆ ಇವರೂ ಹೋಗಿದ್ದಾಗ ಅಲ್ಲಿ ಅಜ್ಜಿಗೆ ಚಳಿಜ್ವರ ಬಂದು ಛತ್ರದಲ್ಲಿ ಮಲಗಿಬಿಟ್ಟಳಂತೆ. ಕಾಶಿಯಲ್ಲಿ ಸತ್ತರೆ ಮೋಕ್ಷ ಎಂದು ಜೊತೆಯವರು ಸಮಾಧಾನ ಹೇಳಿದರಂತೆ. ಮಾವನವರಿಗೆ ತಾಯಿಯ ಮೋಕ್ಷ ಬೇಡವಾಗಿತ್ತು, ತಾಯಿ ಬೇಕಾಗಿತ್ತು.

‘ನೀರಾಗ ನಿಂತು, ಗುಡ್ಡ ಏರೋದು ಬಿಟ್ಟೆ ಅಂದ್ರು. ನಾ ಮಗ್ಗಲಕ್ಕ ಇದ್ದೆ. ಕಾಯಿಪಲ್ಲೆ ಹೆಸರು ಹೇಳ್ರಿ ಅಂತ ಆ ಪುರೋಹಿತ ಅಂದ. ಇವರು ಕೇಳ್ಲಿಲ್ಲ. ಅವ್ವನ ಜೀವಕ್ಕ ಹಾಗಲಕಾಯಿ ಕೊಡ್ಲೇನು ಅಂದ್ರು’ ಎಂದು ಅತ್ತೆ ಹೇಳಿದರು. ಮರುದಿನ ಅಜ್ಜಿಗೆ ಜ್ವರ ಬಿಟ್ಟಿತಂತೆ. ಎದ್ದು ಕೂತು ಗಂಜಿ ಕೇಳಿದಳಂತೆ. ಅವತ್ತಿನಿಂದ ಇವರು ಯಾವ ಗುಡ್ಡಕ್ಕೂ ಕಾಲಿಟ್ಟಿಲ್ಲ.

ಸಂಡೂರಿನ ಸೋದರಮಾವನ ಮನೆಯಲ್ಲಿದ್ದು ಓದಿದವರಂತೆ ಮಾವನವರು. ಓದಿದ್ದಕ್ಕಿಂತ ಗುಡ್ಡ ಸುತ್ತಿದ್ದೇ ಹೆಚ್ಚಂತೆ. ಆ ದೊಣೆಯಲ್ಲಿ ಈಜಿ, ಅದರ ದಡದಲ್ಲೇ ಬುತ್ತಿ ಉಂಡು ಬೆಳೆದ ಕಾಲು ಅದು. ನನಗೆ ಆ ಮೀನಖಂಡದ ಅರ್ಥ ಆಗ ತಿಳಿಯಿತು. ಇಷ್ಟು ವರ್ಷ ಕಂಡಕಂಡವರನ್ನೆಲ್ಲ ಮೇಲೆ ಕಳಿಸಿ, ಅವರ ಬಾಯಿಂದ ಕೇಳಿ ಹೊಟ್ಟೆ ತುಂಬಿಸಿಕೊಂಡಿದ್ದರಲ್ಲ ಎನ್ನಿಸಿತು.

‘ಅವ್ವಗ ಹೇಳಬ್ಯಾಡ. ಆಕಿಗೆ ಗೊತ್ತಿಲ್ಲ’ ಎಂದರು ಅತ್ತೆ. ನನ್ನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ ಎಂದು ಗೊತ್ತಿದ್ದೂ ನನಗೆ ಹೇಳಿದ್ದರು. ಹೇಳಲಿ ಎಂದೇ ಹೇಳಿದರೇನೋ ಎಂದು ಈಗ ಅನ್ನಿಸುತ್ತದೆ.

ಅಜ್ಜಿ ಪಡಸಾಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದಳು. ಹೋಗಿ ಎಲ್ಲ ಹೇಳಿದೆ. ಕುಟ್ಟುವುದು ನಿಂತಿತು.

‘ನನ್ನ ಜ್ವರಕ್ಕ ಆತ ಗುಡ್ಡ ಬಿಟ್ಟಾನ?’ ಎಂದಳು. ‘ಕರೀ ಅವನ್ನ.’

ಮಾವನವರು ಮಿಲ್ಲಿನಿಂದ ಬಂದರು. ಮೀಸೆಯ ಮೇಲೆಲ್ಲ ತವುಡಿನ ಧೂಳು. ತಾಯಿಯ ಮುಂದೆ ಬಂದು ನಿಂತವರು ನನ್ನ ಮುಖ ನೋಡಿದರು, ನೋಡಿದ ತಕ್ಷಣ ತಿಳಿದುಕೊಂಡರು.

‘ಆ ಜ್ವರ ಯಾಕ ಬಂದಿತ್ತು ಗೊತ್ತೇನು ನಿನಗ?’ ಎಂದಳು ಅಜ್ಜಿ. ‘ನೀವೆಲ್ಲ ಗುಡಿಗೆ ಹೋದಾಗ ಓಣ್ಯಾಗಿನ ಅಂಗಡ್ಯಾಗ ಪೂರಿ ತಿಂದಿದ್ದೆ. ಒಂದಲ್ಲ, ಹೊಟ್ಟಿ ತುಂಬ ತಿಂದಿದ್ದೆ. ಯಾತ್ರ್ಯಾಗ ಹೊರಗಿನದು ತಿನ್ನಬಾರದು ಅಂತ ನಾನ ಎಲ್ಲಾರಿಗೂ ಹೇಳಿದಾಕಿ, ಹೆಂಗ ಹೇಳಲಿ? ಎರಡು ದಿನ ಉಪವಾಸ ಬಿದ್ದೆ, ಇಳೀತು. ಇದಕ್ಕ ನೀ ಗುಡ್ಡ ಯಾಕ ಬಿಟ್ಟಿ?’

ನನಗೆ ನಗು ತಡೆಯಲಾಗಲಿಲ್ಲ. ಮಾವನವರು ನಗಲಿಲ್ಲ. ‘ಏನರ ಆಗಲಿ ಅವ್ವ. ಮಾತು ಕೊಟ್ಟೀನಿ. ನೀ ಇರೋತನಕ ಬ್ಯಾಡ’ ಎಂದರು.

‘ನಾ ಇರೋತನಕ ಗುಡ್ಡ ಇರತೈತೇನೋ?’

ಅಜ್ಜಿ ಅದನ್ನು ಜೋರಾಗಿಯೇನೂ ಹೇಳಲಿಲ್ಲ. ಮನುಷ್ಯರು ಹೋಗುತ್ತಾರೆ, ಗುಡ್ಡ ಇರುತ್ತದೆ ಎಂದು ನಂಬಿ ಬದುಕಿದ ಮನೆ ಅದು. ಮಾವನವರು ಕಂಬಕ್ಕೆ ಕೈಕೊಟ್ಟು ನಿಂತರು. ಏರಿದರೆ ತಾಯಿ ಹೋಗಿಬಿಟ್ಟಾಳು, ಏರದಿದ್ದರೆ ಗುಡ್ಡ ಹೋಗಿಬಿಟ್ಟೀತು. ಅವರ ಕಣ್ಣಲ್ಲಿದ್ದ ಭಯ ನಿಜವಾದ ಭಯ. ನನ್ನ ನಗು ಅಲ್ಲಿಯೇ ಸತ್ತಿತು.

‘ಬರೋ ಐತ್ವಾರ ಹೋಗೋಣು. ನಾನೂ ಬರ್ತೀನಿ. ನಾ ಸಾಯೋದಿದ್ರ ನಿನ್ನ ಕಣ್ಣ ಮುಂದ ಸಾಯ್ತೀನಿ. ಸಾಯ್ಲಿಲ್ಲಂದ್ರ ಕೆಳಗ ಕುಂತು ಬುತ್ತಿ ಉಂಡು ಬರೋಣು’ ಎಂದು ಹೇಳಿ ಅಜ್ಜಿ ಮತ್ತೆ ಕುಟ್ಟತೊಡಗಿದಳು.

ಭಾನುವಾರ ಮಿಲ್ಲಿನ ಜೀಪಿನಲ್ಲಿ ಹೊರಟೆವು. ನಮ್ಮವರು ನಡೆಸುತ್ತಿದ್ದರು, ಮುಂದಿನ ಸೀಟಿನಲ್ಲಿ ತಲೆಗೆ ಟವೆಲ್ ಸುತ್ತಿಕೊಂಡ ಅಜ್ಜಿ. ಹಿಂದೆ ಕೂತ ಮಾವನವರು ದಾರಿ ನೋಡಲೇ ಇಲ್ಲ. ಜೀಪು ಗುಂಡಿಯಲ್ಲಿ ಇಳಿದಾಗಲೆಲ್ಲ ಅಜ್ಜಿಯ ಹೆಗಲ ಮೇಲೆ ಕೈ ಇಟ್ಟು, ‘ಏನೂ ಆಗ್ಲಿಲ್ಲಲ್ಲ ಅವ್ವ?’ ಎನ್ನುವರು. ಗುಡ್ಡದ ಬುಡಕ್ಕೆ ಬಂದರೆ ಹಿಂದಿನ ಸಲ ಇಲ್ಲದ ಒಂದು ಗೇಟು. ಕಾವಲಿನವನು ತಡೆದ. ಕಂಪನಿಯ ಜಾಗವಂತೆ, ಹೊರಗಿನವರನ್ನು ಬಿಡುವುದಿಲ್ಲವಂತೆ. ಮಾವನವರ ಮುಖದಲ್ಲಿ ಒಂದು ಕ್ಷಣ ನೆಮ್ಮದಿ ಬಂದದ್ದನ್ನು ನಾನು ನೋಡಿದೆ. ‘ನಡೀರಿ, ಹೊಳ್ಳಿ ಹೋಗೋಣು’ ಎಂದರು.

ಅಜ್ಜಿ ಕಾವಲಿನವನನ್ನು ಹತ್ತಿರ ಕರೆದಳು. ‘ನನ್ನ ಮಗ ಈ ಗುಡ್ಡದ ಮ್ಯಾಲೆ ಒಂದು ಬಿಟ್ಟು ಬಂದಾನಪ್ಪ. ನೋಡಿ ಬರ್ತಾನ.’

‘ಏನ್ ಬಿಟ್ಟಾರವ್ವ?’

‘ಹೇಳಿದ್ರ ನಿನಗ ತಿಳಿಯಂಗಿಲ್ಲ. ನೀ ಉಂಡೀ?’

ಅವನು ಉಂಡಿರಲಿಲ್ಲ. ನಾಲ್ಕು ರೊಟ್ಟಿ, ಎಣ್ಣೆಗಾಯಿ ಅವನ ಕೈಗೆ ಬಂತು. ರಜೆ ದಿನವಾದ್ದರಿಂದ ಕೆಲಸ ನಿಂತಿದೆ, ಬೇಗ ಹೋಗಿ ಬನ್ನಿ, ಆಚೆಯ ಅಂಚಿಗೆ ಹೋಗಬೇಡಿ ಎಂದು ಹೇಳಿ ಅವನು ಗೇಟು ತೆಗೆದ.

ಕಾಲುದಾರಿ ಶುರುವಾಗುವ ಕಡೆ ಜೀಪು ನಿಂತಿತು. ಮಾವನವರು ಇಳಿದು ಚಪ್ಪಲಿ ಬಿಟ್ಟರು. ಆ ಗುಡ್ಡದ ಮೇಲೆ ಗುಡಿಯೇನೂ ಇಲ್ಲ, ಆದರೂ ಬಿಟ್ಟರು. ‘ಇಲ್ಲೇ ಇರಲಿ, ನಾ ಕಾಯ್ತೀನಿ’ ಎಂದಳು ಅಜ್ಜಿ. ಮಾವನವರು ಒಂದು ಕಾಲು ಮುಂದಿಟ್ಟು ತಿರುಗಿ ನೋಡಿದರು. ಮತ್ತೆ ಒಂದು ಕಾಲಿಟ್ಟು ತಿರುಗಿ ನೋಡಿದರು. ಕೂಸನ್ನು ಮೊದಲ ದಿನ ಶಾಲೆಗೆ ಬಿಟ್ಟು ಹೋಗುವ ತಾಯಿಯ ಹಾಗೆ.

‘ಹಿಂದ ನೋಡಬ್ಯಾಡ. ನಾ ಎಲ್ಲಿಗೂ ಹೋಗಂಗಿಲ್ಲ’ ಎಂದು ಅಜ್ಜಿ ಜೀಪಿನಿಂದಲೇ ಕೂಗಿದಳು.

ನಾನು ಅವರ ಹಿಂದೆ ಹತ್ತಿದೆ. ಅವರ ಹೊಟ್ಟೆ ಏದುಸಿರು ಬಿಡುತ್ತಿತ್ತು, ಕಾಲು ಮಾತ್ರ ಮೇಲಕ್ಕೆ ಎಳೆಯುತ್ತಿತ್ತು. ಯಾವ ಕಲ್ಲು ಗಟ್ಟಿ, ಯಾವುದು ಸಡಿಲ ಎಂದು ಆ ಕಾಲು ಯಾರನ್ನೂ ಕೇಳಲಿಲ್ಲ. ದೊಣೆಯ ಹತ್ತಿರ ಬಂದು ನಿಂತರು. ನೀರನ್ನು ನೋಡಲಿಲ್ಲ, ಕಾರೆ ಗಿಡವನ್ನು ನೋಡಲಿಲ್ಲ. ಈಚೆಯ ಅಂಚಿಗೆ ಬಂದು ಕೆಳಗೆ ಜೀಪನ್ನೇ ನೋಡುತ್ತ ನಿಂತರು. ಕೆಳಗಿನಿಂದ ಒಂದು ಬಿಳಿ ಟವೆಲ್ ಅತ್ತಿಂದಿತ್ತ ಆಡಿತು. ಅಜ್ಜಿ ತಲೆಗೆ ಸುತ್ತಿದ್ದನ್ನು ಬಿಚ್ಚಿ ಬೀಸುತ್ತಿದ್ದಳು. ನಮ್ಮವರು ಎಷ್ಟು ಹೇಳಿದರೂ ನಿಲ್ಲಿಸಲಿಲ್ಲವಂತೆ, ನಾವು ಇಳಿಯುವ ತನಕ ಬೀಸಿದಳಂತೆ.

ಅದನ್ನು ನೋಡಿದ ಮೇಲೆ ಮಾವನವರು ತಿರುಗಿ ದೊಣೆಯ ದಡದಲ್ಲಿ ಕುಕ್ಕರುಗಾಲಲ್ಲಿ ಕೂತರು. ಬೊಗಸೆಯಲ್ಲಿ ನೀರು ಎತ್ತಿ ಮುಖಕ್ಕೆ ಹಾಕಿಕೊಂಡರು. ತವುಡಿನ ಧೂಳೋ ಅದಿರಿನ ಧೂಳೋ ಗಲ್ಲದ ಮೇಲೆ ಗೆರೆಯಾಗಿ ಇಳಿಯಿತು. ಎದುರಿಗೆ ಸಂಡೂರಿನ ಗುಡ್ಡಗಳು ಒಂದರ ಹಿಂದೊಂದು ಹಸಿರಾಗಿ, ನಡುವೆ ಅಲ್ಲಲ್ಲಿ ಕೆಂಪಗೆ, ಮೋಡದ ನೆರಳಿನಲ್ಲಿ ಮಲಗಿದ್ದವು. ಆಚೆಯ ಅಂಚಿನ ಕಡೆ ನಾನೂ ಕರೆಯಲಿಲ್ಲ, ಅವರೂ ಹೋಗಲಿಲ್ಲ. ಬಹಳ ಹೊತ್ತು ಕೂತಿದ್ದರು. ಅಷ್ಟು ಹಗುರಾದ ಮುಖವನ್ನು ನಾನು ಅವರಲ್ಲಿ ಅದುವರೆಗೆ ಕಂಡಿರಲಿಲ್ಲ.

ಕೆಳಗೆ ಬಂದಾಗ ಅಜ್ಜಿ, ‘ಏನ್ ಕಂಡಿ, ಹೇಳು’ ಎಂದಳು. ಊರಿನವರನ್ನೆಲ್ಲ ಕೇಳಿ ಕಾಡುತ್ತಿದ್ದ ಮನುಷ್ಯನ ಬಾಯಿಂದ ಹೊರಟದ್ದು ಒಂದೇ ಮಾತು. ‘ನೀರೈತವ್ವ’ ಎಂದರು. ಆಮೇಲೆ ಎಲ್ಲರೂ ಹುಲ್ಲಿನ ಮೇಲೆ ಕೂತು ಬುತ್ತಿ ಉಂಡೆವು. ಅಜ್ಜಿ ಮೊಸರನ್ನವನ್ನು ಎರಡು ಸಲ ಹಾಕಿಸಿಕೊಂಡಳು.

ಆಮೇಲೆ ಕೆಲವು ದಿನ ಮಾವನವರು ನಸುಕಿನಲ್ಲೆದ್ದು ಅಜ್ಜಿಯ ಕೋಣೆಯ ಬಾಗಿಲಲ್ಲಿ ನಿಂತು ಗೊರಕೆ ಕೇಳಿಸಿಕೊಳ್ಳುತ್ತಿದ್ದರು. ಗೊರಕೆ ಕೇಳಿಸಿದ ಮೇಲೆಯೇ ಹಲ್ಲುಜ್ಜಲು ಹೋಗುವರು. ಅಜ್ಜಿಗೆ ಏನೂ ಆಗಲಿಲ್ಲ. ಆ ಚಳಿಗಾಲ ಕಳೆಯಿತು, ಬೇಸಿಗೆ ಕಳೆಯಿತು. ಮಾವನವರ ಧೈರ್ಯ ಬೆಳೆಯಿತು. ಮಾತಂಗ ಏರಿದರು, ಅಂಜನಾದ್ರಿ ಏರಿದರು. ನೆಂಟರು ಅರ್ಧ ದಾರಿಯಲ್ಲಿ ಕೂತರೆ ಇವರು ಮೇಲಿನಿಂದ ಕರೆಯುವರು. ಹೊಟ್ಟೆಯೂ ಸ್ವಲ್ಪ ಕರಗಿತು. ನನಗಂತೂ ಇಳಿಯುವುದನ್ನು ಕಲಿಸಿಯೇ ಬಿಟ್ಟರು. ಈಗ ನಾನು ಯಾವ ಬಂಡೆಯಿಂದಲಾದರೂ ಸೀರೆ ಹರಿಯದೆ ಇಳಿಯಬಲ್ಲೆ.

ದೊಣೆ ಇನ್ನೊಂದು ಮಳೆಗಾಲ ಉಳಿಯಿತು. ಅದರ ಮುಂದಿನ ವರ್ಷ ಹೋದಾಗ ಅಲ್ಲಿ ಗುಡ್ಡದ ಅರ್ಧ ಮೈ ಇರಲಿಲ್ಲ. ಮಾವನವರು ರಸ್ತೆಯಿಂದಲೇ ನೋಡಿ, ‘ಹೋಗ್ಲಿ ಬಿಡವ್ವ, ನಾವು ಹೋಗಿ ಬಂದೀವಲ್ಲ’ ಎಂದರು. ಹಾಗೆಂದರೂ ಅವತ್ತು ರಾತ್ರಿ ಊಟ ಮಾಡಲಿಲ್ಲ. ಕೆಲವು ವರ್ಷಗಳಲ್ಲಿ ಗಣಿಗಳೇ ನಿಂತವು, ಲಾರಿಗಳು ನಿಂತವು, ಹುಣಿಸೆ ಮರಗಳಿಗೆ ಹಸಿರು ಮರಳಿತು. ಹೋದ ಗುಡ್ಡ ಮರಳಲಿಲ್ಲ. ಅದಕ್ಕೆ ಮೊದಲೇ ಆ ಮನುಷ್ಯ ಮೇಲೆ ಹೋಗಿ ಮುಖ ತೊಳೆದುಕೊಂಡು ಬಂದರಲ್ಲ ಎಂದು ನೆನೆದಾಗಲೆಲ್ಲ ನನಗೆ ಈಗಲೂ ಎದೆ ತಣ್ಣಗಾಗುತ್ತದೆ.

ಮಾವನವರೂ ಈಗಿಲ್ಲ. ಹೆಚ್ಚು ನರಳಲಿಲ್ಲ, ಯಾರಿಗೂ ಭಾರವಾಗಲಿಲ್ಲ. ಆದರೆ ಅವರನ್ನು ನೆನೆದರೆ ನನ್ನ ಕಣ್ಣ ಮುಂದೆ ಬರುವುದು ಅವರು ಹೋದ ದಿನವಲ್ಲ, ಅಜ್ಜಿ ಹೋದ ದಿನ. ಗಣಿಗಳು ನಿಂತ ಮೇಲೂ ಅಜ್ಜಿ ಇದ್ದಳು. ಒಂದು ದಿನ ಬೆಳಿಗ್ಗೆ ಏಳಲಿಲ್ಲ, ಅಷ್ಟೆ. ನಿದ್ದೆಯಲ್ಲೇ ಹೋಗಿದ್ದಳು. ಮನೆ ತುಂಬ ಜನ, ಭಜನೆಯವರು, ಬೀಗರು. ಮಾವನವರು ನಿಂತು ಎಲ್ಲವನ್ನೂ ಮಾಡಿಸುತ್ತಿದ್ದರು, ಕಣ್ಣಲ್ಲಿ ಒಂದು ಹನಿ ಇಲ್ಲ. ನಡುವೆ ನನ್ನನ್ನು ಕರೆದು ಮಿಲ್ಲಿನ ಹಿಂದಿನ ಭತ್ತ ಒಣಗಿಸುವ ಕಣಕ್ಕೆ ಕರೆದುಕೊಂಡು ಹೋದರು. ಅಲ್ಲಿ ಯಾರೂ ಇರಲಿಲ್ಲ.

‘ಒಂದು ಕೇಳ್ತೀನವ್ವ’ ಎಂದರು. ‘ನಾ ಗುಡ್ಡ ಏರಿದ್ದಕ್ಕ ಅಲ್ಲಲ್ಲ?’

ಅಷ್ಟು ವರ್ಷ ಏರಿದ ಒಂದೊಂದು ಗುಡ್ಡವನ್ನೂ ಈ ಭಯ ಹೊತ್ತುಕೊಂಡೇ ಏರಿದ್ದರು. ನಮಗೆ ಯಾರಿಗೂ ಗೊತ್ತಾಗಿರಲಿಲ್ಲ.

‘ಅಲ್ರಿ ಮಾವಾರ’ ಎಂದೆ. ‘ಅಜ್ಜಿಗೆ ವಯಸ್ಸಾಗಿತ್ತು. ಅದಕ್ಕ ಹೋದ್ರು.’

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಬೇರೆ ಯಾರನ್ನೂ ಆ ಮಾತು ಕೇಳಲಿಲ್ಲ, ನನ್ನನ್ನೂ ಎರಡನೇ ಸಲ ಕೇಳಲಿಲ್ಲ. ಉಸಿರು ಬಿಟ್ಟು ಭತ್ತದ ರಾಶಿಯ ಅಂಚಿನಲ್ಲಿ ಕೂತರು. ಆಮೇಲೆ ತಾಯಿಗಾಗಿ ಬಾಯಿಬಿಟ್ಟು ಅತ್ತರು.